ವೃಂದಗಾನದ ರೂವಾರಿ ಸಲಿಲ್ ಚೌಧರಿ

ನವೆಂಬರ್ 19 ಮತ್ತು ಸೆಪ್ಟೆಂಬರ್ 5. ಕೋಲ್ಕತ್ತದ ವೃಂದಗಾನ ತಂಡಗಳ ಪಾಲಿಗೆ ಇವೆರಡೂ ಮರೆಯುವಂತಹ ದಿನಗಳಲ್ಲ. ಮೊದಲನೆಯದು ಸಲಿಲ್ ಚೌಧರಿಯವರು ಹುಟ್ಟಿದ ದಿನ, ಎರಡನೆಯದು ಅವರು ಕಣ್ಮುಚ್ಚಿದ ದಿನ. ಈ ದಿನಗಳ ಆಸುಪಾಸಿನಲ್ಲಿ ಅಲ್ಲಿನ ವೇದಿಕೆಗಳ ಮೇಲೆ ಗಾಯಕ ಗಾಯಕಿಯರು ಸಾಲಾಗಿ ನಿಲ್ಲುತ್ತಾರೆ. ಎಂಬತ್ತು ವರ್ಷಗಳ ಹಿಂದಿನ ಮುಷ್ಕರವೊಂದಕ್ಕಾಗಿ, ಪ್ರವಾಹವೊಂದಕ್ಕಾಗಿ, ನ್ಯಾಯಾಲಯದ ವಿಚಾರಣೆಯೊಂದಕ್ಕಾಗಿ ಬರೆದ ಹಾಡುಗಳು ಮತ್ತೆ ಮೊಳಗುತ್ತವೆ. ಅಲ್ಲಿ ಎಲ್ಲರೂ ಒಂದೇ ಸ್ವರವನ್ನು ಹಿಡಿದು ಹಾಡುವುದಿಲ್ಲ. ಹೆಂಗಸರ ಒಂದು ಗುಂಪು ಮೇಲಿನ ಸ್ವರದಲ್ಲಿ ಸಾಗಿದರೆ ಇನ್ನೊಂದು ಗುಂಪು ಅದರ ಕೆಳಗೆ ಬೇರೊಂದು ದಾರಿ ಹಿಡಿಯುತ್ತದೆ. ಗಂಡಸರ ಎರಡು ಗುಂಪುಗಳು ಮತ್ತೆರಡು ದಾರಿಗಳಲ್ಲಿ ನಡೆಯುತ್ತವೆ. ನಾಲ್ಕೂ ಸೇರಿದಾಗ ಕೇಳಿಸುವುದು ಒಂದೇ ಹಾಡು.

ನಮ್ಮ ಶಾಲೆಗಳಲ್ಲಿ ಮಕ್ಕಳು ನಾಡಗೀತೆ ಹಾಡುವುದನ್ನು ಕೇಳಿದವರಿಗೆ ಈ ವ್ಯತ್ಯಾಸ ಬೇಗ ಅರ್ಥವಾದೀತು. ಅಲ್ಲಿ ನೂರು ಕಂಠಗಳಿದ್ದರೂ ದಾಟಿ ಒಂದೇ. ಭಾರತೀಯ ಸಂಗೀತದ ಸ್ವಭಾವವೂ ಅದೇ ಆಗಿದೆ: ಒಂದು ಷಡ್ಜ, ಒಂದು ರಾಗ, ಒಂದು ಸ್ವರಪಂಕ್ತಿ. ಏಕಕಾಲದಲ್ಲಿ ಹಲವು ಸ್ವರಪಂಕ್ತಿಗಳನ್ನು ಹೆಣೆಯುವ ಪದ್ಧತಿಯು ಪಾಶ್ಚಾತ್ಯ ಸಂಗೀತದ್ದು. ನಮ್ಮಲ್ಲಿ ಅದು ಬಹುಕಾಲ ಚರ್ಚುಗಳ ಒಳಗಷ್ಟೇ ಉಳಿದಿತ್ತು. ಅದನ್ನು ಹೊರಗೆ ತಂದು, ಬಂಗಾಳದ ದೋಣಿಗಾರನ ದಾಟಿಗೂ ಅಸ್ಸಾಮಿನ ಚಹಾ ತೋಟದ ಕುಣಿತಕ್ಕೂ ಹೊಂದಿಸಿದವರಲ್ಲಿ ಸಲಿಲ್ ಚೌಧರಿಯವರದು ಮೊದಲ ಹೆಸರು. ದೇಶದ ಬಹುಪಾಲು ಜನ ಅವರನ್ನು ಬಲ್ಲದ್ದು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾಗಿ. 'ಮಧುಮತಿ', 'ಆನಂದ್', 'ರಜನೀಗಂಧ' ಚಿತ್ರಗಳ ಹಾಡುಗಳು ಇಂದಿಗೂ ಆಕಾಶವಾಣಿಯಲ್ಲಿ ಕೇಳಿಬರುತ್ತವೆ. ಆದರೆ ಅವರ ಜೀವನದ ಎಳೆಯನ್ನು ಹಿಡಿದು ಹೊರಟರೆ ಅದು ಮತ್ತೆ ಮತ್ತೆ ಹಲವರು ಕೂಡಿ ಹಾಡುವ ಹಾಡಿನ ಬಳಿಗೇ ಬಂದು ನಿಲ್ಲುತ್ತದೆ.

ಸಲಿಲ್ ಅವರು ಹುಟ್ಟಿದ್ದು ಕಲ್ಕತ್ತದ ದಕ್ಷಿಣಕ್ಕಿರುವ ಸೋನಾರಪುರದ ಸಮೀಪದ ಗಾಜಿಪುರದಲ್ಲಿ, 1925ರ ನವೆಂಬರ್ 19ರಂದು. ಹಳೆಯ ಬರಹಗಳಲ್ಲಿ ಬೇರೆ ವರ್ಷಗಳೂ ಕಾಣಸಿಗುತ್ತವೆಯಾದರೂ ಶತಮಾನೋತ್ಸವ ನಡೆದದ್ದು 2025ರಲ್ಲಿ. ತಂದೆ ಜ್ಞಾನೇಂದ್ರ ಚೌಧರಿ ಅಸ್ಸಾಮಿನ ಚಹಾ ತೋಟವೊಂದರಲ್ಲಿ ವೈದ್ಯರಾಗಿದ್ದರು. ಬಾಲಕನ ಬಾಲ್ಯದ ಬಹುಭಾಗ ಕಳೆದದ್ದು ಆ ತೋಟಗಳ ನಡುವೆಯೇ. ಅಲ್ಲಿ ಎರಡು ಬಗೆಯ ಸಂಗೀತ ಅವರ ಕಿವಿಗೆ ಬಿತ್ತು. ಮನೆಯೊಳಗೆ ಗ್ರಾಮಫೋನ್ ಇತ್ತು. ತೋಟ ಬಿಟ್ಟು ಸ್ವದೇಶಕ್ಕೆ ಮರಳಿದ ಐರಿಷ್ ವೈದ್ಯರೊಬ್ಬರು ತಮ್ಮ ತಟ್ಟೆಗಳ ಸಂಗ್ರಹವನ್ನು ಜ್ಞಾನೇಂದ್ರರಿಗೆ ಒಪ್ಪಿಸಿ ಹೋಗಿದ್ದರು. ಮೊಝಾರ್ಟ್, ಬೀಥೋವನ್, ಬಾಖ್ ಮೊದಲಾದವರ ಕೃತಿಗಳು ಹಗಲಿರುಳು ಆ ಮನೆಯಲ್ಲಿ ತಿರುಗುತ್ತಿದ್ದವು. ಮನೆಯ ಹೊರಗೆ ಕೂಲಿ ಲೈನುಗಳಲ್ಲಿ, ದೂರದೂರುಗಳಿಂದ ಎಲೆ ಕೀಳಲು ಕರೆತಂದ ಬುಡಕಟ್ಟು ಜನರ ಮಾದಲ್ ಮತ್ತು ಕೊಳಲು ಮೊಳಗುತ್ತಿದ್ದವು. ತಂದೆಯೋ ಬಿಳಿಯ ಅಧಿಕಾರಿಗಳ ದರ್ಪವನ್ನು ಸಹಿಸದ ಮನುಷ್ಯ. ಕಡಿಮೆ ಕೂಲಿಯ ಕಾರ್ಮಿಕರನ್ನು ಕೂಡಿಸಿಕೊಂಡು ತೋಟದಲ್ಲೇ ನಾಟಕಗಳನ್ನು ಆಡಿಸುತ್ತಿದ್ದರು. ಮುಂದೆ ಮಗನು ಏನೇನು ಮಾಡಲಿದ್ದನೋ ಅದರ ಬೀಜವೆಲ್ಲ ಆ ಒಂದು ಅಂಗಳದಲ್ಲಿ ಬಿದ್ದಿತ್ತೆಂದರೆ ಉತ್ಪ್ರೇಕ್ಷೆಯಾಗದು.

ಓದಿನ ಸಲುವಾಗಿ ಸಲಿಲ್ ಊರ ಕಡೆಗೆ ಬಂದರು. ಹರಿನಾವಿಯ ಶಾಲೆ, ಅನಂತರ ಕಲ್ಕತ್ತದ ಬಂಗವಾಸಿ ಕಾಲೇಜು. ದಾಯಾದಿ ಅಣ್ಣ ನಿಖಿಲ್ ಚೌಧರಿ 'ಮಿಲನ ಪರಿಷತ್' ಎಂಬ ವಾದ್ಯಗೋಷ್ಠಿಯನ್ನು ನಡೆಸುತ್ತಿದ್ದರು. ಸಲಿಲ್ ಅವರಿಗೆ ಗುರುಕುಲವೆಂದರೆ ಅದೇ. ಕೊಳಲು, ಎಸ್ರಾಜ್, ಪಿಯಾನೊ, ಪಿಟೀಲು ಹೀಗೆ ಕೈಗೆ ಸಿಕ್ಕಿದ ವಾದ್ಯವನ್ನೆಲ್ಲ ಅವರು ನುಡಿಸಲು ಕಲಿತರು. ಕೊಳಲಂತೂ ಕೊನೆಯವರೆಗೂ ಅವರ ಅಚ್ಚುಮೆಚ್ಚಿನ ವಾದ್ಯವಾಗಿ ಉಳಿಯಿತು.

ಆ ಹೊತ್ತಿಗೆ ಬಂಗಾಳ ಹೊತ್ತಿ ಉರಿಯುತ್ತಿತ್ತು. 1943ರ ಕ್ಷಾಮ ಸುಮಾರು 30 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತೆಂಬ ಅಂದಾಜಿದೆ. ಅನ್ನದ ಗಂಜಿಗಾಗಿ ಹಳ್ಳಿಗರು ಕಲ್ಕತ್ತದ ಬೀದಿಗಳಿಗೆ ಬಂದು, ಅಲ್ಲೇ ಉರುಳಿ ಬಿದ್ದು ಸತ್ತರು. ಬೆಳೆಯೇ ಇಲ್ಲದೆ ಬಂದ ಕ್ಷಾಮವಲ್ಲ ಅದು. ಯುದ್ಧದ ನೆಪ, ದಾಸ್ತಾನುಗಾರರ ದುರಾಸೆ, ಸರ್ಕಾರದ ಉಪೇಕ್ಷೆ ಎಲ್ಲವೂ ಸೇರಿ ಬಂದ ಸಾವು. ಅದೇ ವರ್ಷ ಮುಂಬಯಿಯಲ್ಲಿ ಭಾರತೀಯ ಜನನಾಟ್ಯ ಸಂಘ, ಅಂದರೆ ಇಪ್ಟಾ, ಹುಟ್ಟಿಕೊಂಡಿತ್ತು. ಬಿಜನ್ ಭಟ್ಟಾಚಾರ್ಯರ 'ನಬಾನ್ನ' ನಾಟಕ ಕ್ಷಾಮವನ್ನು ರಂಗಕ್ಕೆ ತಂದದ್ದು 1944ರಲ್ಲಿ. ವಿದ್ಯಾರ್ಥಿಯಾಗಿದ್ದ ಸಲಿಲ್ ಸಂಘವನ್ನು ಸೇರಿದ್ದೂ ಅದೇ ವರ್ಷ. ಇಪ್ಪತ್ತು ಇನ್ನೂ ತುಂಬಿರದ ಆ ತರುಣ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತನಾಗಿ 24 ಪರಗಣ ಜಿಲ್ಲೆಯ ರೈತರ ನಡುವೆ ಓಡಾಡತೊಡಗಿದ. ವಿದ್ಯಾಧರಿ ನದಿಯ ನೆರೆಯಲ್ಲಿ ಪೈರು ಕಳೆದುಕೊಂಡ ರೈತರಿಗಾಗಿ ಕಟ್ಟಿದ್ದು ಅವರ ಆರಂಭದ ಹಾಡುಗಳಲ್ಲೊಂದು.

ಮುಂದಿನ ನಾಲ್ಕೈದು ವರ್ಷಗಳಲ್ಲಿ ಅವರು ಬರೆದ ಹಾಡುಗಳ ವೇಗವನ್ನು ನೋಡಿದರೆ ಅಚ್ಚರಿಯಾಗುತ್ತದೆ. 1945ರಲ್ಲಿ ಆಜಾದ್ ಹಿಂದ್ ಫೌಜಿನ ಯೋಧರ ವಿಚಾರಣೆ ನಡೆದಾಗ, ನ್ಯಾಯಾಧೀಶರನ್ನೇ ಜನತೆಯ ಕಟಕಟೆಯಲ್ಲಿ ನಿಲ್ಲಿಸುವ ಹಾಡು ಬಂತು. ಇದಕ್ಕೆ ಅವರು ಆರಿಸಿಕೊಂಡದ್ದು ಬಂಗಾಳದ ಭಕ್ತರು ತಲೆತಲಾಂತರದಿಂದ ಹಾಡುತ್ತಾ ಬಂದಿದ್ದ ಕೀರ್ತನದ ಧಾಟಿಯನ್ನು. ಹರಿನಾಮಕ್ಕೆ ಒಗ್ಗಿದ ಕಿವಿಗಳಿಗೆ ಆ ಸಿಟ್ಟು ತೀರ ಹತ್ತಿರದ್ದಾಗಿ ಕೇಳಿಸಿತು. 1946ರ ಜುಲೈ 29ರಂದು ಅಂಚೆ ತಂತಿ ನೌಕರರ ಬೆಂಬಲಕ್ಕೆ ಕಲ್ಕತ್ತ ಸಂಪೂರ್ಣ ಸ್ತಬ್ಧವಾದಾಗ, ಅಲೆಗಳೇಳುವ ಮತ್ತು ಸೆರೆಮನೆ ಒಡೆಯುವ ಚಿತ್ರವನ್ನು ಕಟ್ಟಿಕೊಡುವ ಮತ್ತೊಂದು ಹಾಡು ಸಿದ್ಧವಾಯಿತು. ಧ್ವನಿಮುದ್ರಣದ ಮಾತು ಇರಲಿ, ಕೆಲವು ಹಾಡುಗಳನ್ನು ಕಾಗದದ ಮೇಲೆ ಇಟ್ಟುಕೊಳ್ಳುವುದೂ ಅಪಾಯವಾಗಿತ್ತು. ಅವು ಬಾಯಿಂದ ಬಾಯಿಗೆ, ಸಭೆಯಿಂದ ಸಭೆಗೆ ಹೋದವು. ಎಷ್ಟೋ ಹಾಡುಗಳು ಹಾಗೆಯೇ ಕಳೆದೂ ಹೋದವು.

ಇಪ್ಟಾದ ಒಳಗೇ ಆಗ ಒಂದು ಚರ್ಚೆ ನಡೆದಿತ್ತು. ಜನರ ಹಾಡು ಜನಪದದ ನೆಲದಲ್ಲೇ ಬೇರು ಬಿಡಬೇಕು, ಹೊರಗಿನ ಅಲಂಕಾರ ಅದಕ್ಕೆ ಸಲ್ಲದು ಎಂಬ ನಿಲುವು ಹೇಮಾಂಗೊ ಬಿಶ್ವಾಸರಂಥವರದಾಗಿತ್ತು. ಹೇಮಾಂಗೊ ಸ್ವತಃ ಅಸ್ಸಾಂ ಮತ್ತು ಸಿಲ್ಹೆಟಿನ ಜನಪದ ಧಾಟಿಗಳ ದೊಡ್ಡ ಗಾಯಕರು. ಅವರ ಮಾತಿಗೆ ತೂಕವಿತ್ತು. ಸಲಿಲ್ ಇದನ್ನು ಪೂರ್ತಿ ಒಪ್ಪಲಿಲ್ಲ. ಕಾರ್ಖಾನೆ, ರೈಲು, ತಂತಿ ಎಲ್ಲವೂ ಹೊರಗಿನಿಂದ ಬಂದು ಕಾರ್ಮಿಕನ ಬದುಕಿನ ಭಾಗವಾಗಿರುವಾಗ ಸಂಗೀತ ಮಾತ್ರ ಹಳೆಯ ಚೌಕಟ್ಟಿನಲ್ಲೇ ಇರಬೇಕೇಕೆಂಬುದು ಅವರ ವಾದದ ತಿರುಳು. ಹಲವರ ಹಾಡಿಗೆ ಹಲವು ಸ್ವರಪಂಕ್ತಿಗಳು ಬೇಕೆಂಬ ಯೋಚನೆ ಅವರಲ್ಲಿ ಬೆಳೆದದ್ದು ಈ ಜಗಳದಲ್ಲೇ. ಇಂದು ಹಿಂತಿರುಗಿ ನೋಡಿದರೆ ಇಬ್ಬರೂ ಸರಿಯೆನಿಸುತ್ತದೆ. ಆದರೆ ಆ ದಿನಗಳಲ್ಲಿ ಇದು ಬರೀ ಸಂಗೀತದ ಪ್ರಶ್ನೆಯಾಗಿರಲಿಲ್ಲ, ನಿಷ್ಠೆಯ ಪ್ರಶ್ನೆಯೂ ಆಗಿತ್ತು.

1948ರಲ್ಲಿ ಪಶ್ಚಿಮ ಬಂಗಾಳದಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಲಾಯಿತು. ಸಲಿಲ್ ಭೂಗತರಾದರು. ಆ ಕಾಲದ್ದೇ ಹೇಮಂತ್ ಕುಮಾರ್ ಅವರ ಮನೆಯ ಪ್ರಸಂಗ. ಹಿಂದಿಯಲ್ಲಿ ಹೇಮಂತ್ ಕುಮಾರ್ ಎಂದೂ ಬಂಗಾಳದಲ್ಲಿ ಹೇಮಂತ ಮುಖೋಪಾಧ್ಯಾಯ ಎಂದೂ ಹೆಸರಾದ ಆ ಗಾಯಕರಿಗೆ ಸಲಿಲ್ ತಮ್ಮ ಹೋರಾಟದ ಹಾಡುಗಳನ್ನು ಕೇಳಿಸಲು ಹೋಗಿದ್ದರು. ಹಾಡುಗಳು ಚೆನ್ನಾಗಿವೆ, ಆದರೆ ಇವನ್ನು ಯಾವ ಕಂಪನಿಯೂ ತಟ್ಟೆಗೆ ಹಾಕುವುದಿಲ್ಲವೆಂದು ಹೇಮಂತ್ ಹೇಳಿದರು. ನಿರಾಶರಾಗಿ ಹೊರಟ ಸಲಿಲ್, ಬಾಗಿಲ ಬಳಿ ಅರ್ಧ ಬರೆದಿದ್ದ ಇನ್ನೊಂದು ಪದ್ಯವನ್ನು ನೆನಪಿಸಿಕೊಂಡು ತೋರಿಸಿದರು. ಅದೇ 'ಗಾಂಯೇರ್ ಬಧು', ಹಳ್ಳಿಯ ಸೊಸೆಯೊಬ್ಬಳ ಕಥೆ. ಮೊದಲ ಭಾಗದಲ್ಲಿ ತುಂಬಿದ ಮನೆ, ತುಂಬಿದ ಕಣಜ, ನೆಮ್ಮದಿಯ ದಾಂಪತ್ಯ. ಎರಡನೆಯ ಭಾಗದಲ್ಲಿ ಕ್ಷಾಮ ಬಂದು ಅದೆಲ್ಲ ಸುಡುಗಾಡಾಗುವ ವರ್ಣನೆ. 1949ರಲ್ಲಿ ಹೇಮಂತರ ಕಂಠದಲ್ಲಿ ಗ್ರಾಮಫೋನ್ ತಟ್ಟೆಯ ಎರಡೂ ಬದಿಯನ್ನು ತುಂಬಿಕೊಂಡು ಈ ಹಾಡು ಹೊರಬಂತು. ಮೂರು ನಿಮಿಷದ ಪ್ರೇಮಗೀತೆಗಳಿಗೆ ಒಗ್ಗಿದ್ದ ಬಂಗಾಳ ಆರು ನಿಮಿಷದ ಈ ಕಥನಗೀತೆಯನ್ನು ಕೇಳಿ ಬೆಕ್ಕಸಬೆರಗಾಯಿತು. ಪಲ್ಲವಿ, ಚರಣ, ಮತ್ತೆ ಪಲ್ಲವಿ ಎಂಬ ಕ್ರಮ ಅದರಲ್ಲಿರಲಿಲ್ಲ. ಕಥೆ ಮುಂದೆ ಸಾಗಿದಂತೆ ರಾಗವೂ ಲಯವೂ ಬದಲಾಗುತ್ತಿದ್ದವು. ಬಂಗಾಳಿ 'ಆಧುನಿಕ ಗಾನ'ದ ಚರಿತ್ರೆಯನ್ನು ಬರೆಯುವವರು ಈ ತಟ್ಟೆಯನ್ನು ಒಂದು ಗಡಿಗಲ್ಲೆಂದೇ ಎಣಿಸುತ್ತಾರೆ. ಮನೆಮನೆಯಲ್ಲಿ ಆ ತಟ್ಟೆ ತಿರುಗುತ್ತಿದ್ದಾಗ ಅದನ್ನು ಬರೆದವರು ಪೊಲೀಸರ ಕಣ್ಣು ತಪ್ಪಿಸಿಕೊಂಡು ಹಳ್ಳಿಗಳಲ್ಲಿದ್ದರು.

ಅನಂತರ ಬಂದದ್ದು 'ರನ್ನರ್'. ಕ್ಷಯದಿಂದ 1947ರಲ್ಲಿ ತನ್ನ ಇಪ್ಪತ್ತರ ಹರೆಯದಲ್ಲೇ ತೀರಿಕೊಂಡ ಕವಿ ಸುಕಾಂತ ಭಟ್ಟಾಚಾರ್ಯರ ಪದ್ಯ ಅದು. ರಾತ್ರಿಯೆಲ್ಲ ಟಪಾಲು ಚೀಲ ಹೊತ್ತು ಓಡುವ ಅಂಚೆಯಾಳಿನ ಚಿತ್ರ. ಸಲಿಲ್ ಅದಕ್ಕೆ ಎಲ್ಲಿಯೂ ನಿಲ್ಲದ ಸ್ವರಸಂಯೋಜನೆಯನ್ನು ಕೊಟ್ಟರು. ಓಟ ಮುಂದುವರಿದಂತೆ ಆಧಾರಷಡ್ಜವೇ ಹಲವು ಬಾರಿ ಸ್ಥಾನ ಬದಲಿಸುತ್ತದೆ. ಹಾಡು ಹೊರಟ ಕಡೆಗೆ ಮರಳುವುದೇ ಇಲ್ಲ. ಸುಚಿತ್ರಾ ಮಿತ್ರ ಹಾಡಿದ 'ಸೇಯಿ ಮೇಯೆ' ಮತ್ತೊಂದು ಬಗೆಯದು. ರವೀಂದ್ರನಾಥ ಠಾಕೂರರ ಕವಿತೆಯಲ್ಲಿ ಮೋಡದ ದಿನ ಗದ್ದೆಯಂಚಿನಲ್ಲಿ ಕಂಡ ಕಪ್ಪು ಹುಡುಗಿ, ಸಲಿಲ್ ಅವರ ಹಾಡಿನಲ್ಲಿ ಕ್ಷಾಮದ ಕಾಲಕ್ಕೆ ಕಲ್ಕತ್ತದ ಬೀದಿಯಲ್ಲಿ ಎದುರಾಗುತ್ತಾಳೆ. ಗುರುದೇವರ ಕವಿತೆಗೆ ಹೀಗೊಂದು ಉತ್ತರ ಬರೆಯುವುದಕ್ಕೆ ಆ ಬಂಗಾಳದಲ್ಲಿ ಎದೆಗಾರಿಕೆ ಬೇಕಿತ್ತು.

ಆದರೆ ಪಕ್ಷದೊಳಗಿನ ಕೆಲವರಿಗೆ ಇದಾವುದೂ ರುಚಿಸಲಿಲ್ಲ. ಹಳ್ಳಿಯ ಸೊಸೆಯ ಹಾಡು ಸಾವಿನಲ್ಲಿ ಮುಗಿಯುತ್ತದೆ, ಅದರಲ್ಲಿ ಹೋರಾಟದ ಕರೆಯಿಲ್ಲ, ಅದು ಜನರನ್ನು ಹತಾಶೆಗೆ ತಳ್ಳುತ್ತದೆ ಎಂಬ ಆಕ್ಷೇಪಗಳು ಎದ್ದವು. ಯಾವ ಹಾಡು ಸಭೆಗಳಲ್ಲಿ ಹಾಡಲು ಯೋಗ್ಯ, ಯಾವುದು ಅಲ್ಲವೆಂದು ತೀರ್ಮಾನಿಸುವ ಮಟ್ಟಕ್ಕೆ ಅದು ಹೋಯಿತು. ಮನೆಮಠ ಬಿಟ್ಟು, ತಲೆಮರೆಸಿಕೊಂಡು ಹಾಡು ಕಟ್ಟಿದವನಿಗೆ ಇದಕ್ಕಿಂತ ದೊಡ್ಡ ನೋವು ಬೇರೆ ಇರಲಾರದು. ಸಲಿಲ್ ನಿಧಾನವಾಗಿ ದೂರ ಸರಿದರು. ನಂಬಿಕೆಯನ್ನು ಅವರು ಬಿಡಲಿಲ್ಲ. ಸಂಘಟನೆಯನ್ನು ಮಾತ್ರ ಬಿಟ್ಟರು. ಮುಂದಿನ ಅವರ ಬದುಕನ್ನು ಅರ್ಥ ಮಾಡಿಕೊಳ್ಳಲು ಈ ಬಿರುಕನ್ನು ನೆನಪಿಡಬೇಕಾಗುತ್ತದೆ.

ಮುಂಬಯಿಯ ಬಾಗಿಲು ತೆರೆದದ್ದು ಸಂಗೀತದಿಂದಲ್ಲ, ಕಥೆಯಿಂದ. ಸಾಲದ ಬಾಯಿಗೆ ಬಿದ್ದ ಜಮೀನನ್ನು ಬಿಡಿಸಿಕೊಳ್ಳಲು ಕಲ್ಕತ್ತಕ್ಕೆ ಬಂದು ರಿಕ್ಷಾ ಎಳೆಯುವ ರೈತನ ಕಥೆಯೊಂದನ್ನು ಸಲಿಲ್ ಬರೆದಿದ್ದರು. ಅದು ಬಿಮಲ್ ರಾಯ್ ಅವರನ್ನು ತಲುಪಿತು. 1953ರಲ್ಲಿ 'ದೋ ಬಿಘಾ ಜಮೀನ್' ತೆರೆ ಕಂಡಾಗ ಕಥೆಯೂ ಸಂಗೀತವೂ ಸಲಿಲ್ ಅವರದೇ ಆಗಿದ್ದವು. ಇಪ್ಟಾದವರೇ ಆದ ಬಲರಾಜ್ ಸಾಹ್ನಿ ರೈತ ಶಂಭುವಾದರು. ಚಿತ್ರಕ್ಕೆ 1954ರಲ್ಲಿ ಕಾನ್ ಉತ್ಸವದ ಪ್ರಶಸ್ತಿ ಬಂತು. ಫಿಲ್ಮ್‌ಫೇರ್ ಪ್ರಶಸ್ತಿಗಳು ಆರಂಭವಾದಾಗ ಶ್ರೇಷ್ಠ ಚಿತ್ರದ ಮೊದಲ ಗೌರವವೂ ಅದಕ್ಕೇ ಸಂದಿತು. ಆ ಚಿತ್ರದ ಹಾಡುಗಳಲ್ಲಿ ನಾಯಕನೊಬ್ಬನ ಕಂಠಕ್ಕಿಂತ ರೈತಸಮೂಹದ ಕಂಠವೇ ಮುಂದೆ ನಿಲ್ಲುವುದನ್ನು ಗಮನಿಸಬೇಕು. ಸಂಘಟನೆಯಿಂದ ಹೊರಬಂದವರು ಅದರ ಗುಂಪು ಹಾಡನ್ನು ಮಾತ್ರ ತಮ್ಮ ಜತೆಗೇ ತಂದಿದ್ದರು.

ಅಲ್ಲಿಂದಾಚೆಗಿನ ಹಿಂದಿ ಚಿತ್ರಗಳ ಕಥೆ ಬಹಳಷ್ಟು ಜನರಿಗೆ ಗೊತ್ತಿರುವಂಥದ್ದು. 1958ರ 'ಮಧುಮತಿ' ಅವರಿಗೆ ಶ್ರೇಷ್ಠ ಸಂಗೀತ ನಿರ್ದೇಶಕ ಪ್ರಶಸ್ತಿಯನ್ನು ತಂದಿತು. ಹಿನ್ನೆಲೆ ಗಾಯನಕ್ಕೆ ಫಿಲ್ಮ್‌ಫೇರ್ ಮೊದಲ ಬಾರಿಗೆ ಪ್ರಶಸ್ತಿ ಕೊಟ್ಟಾಗ ಅದು ಲತಾ ಮಂಗೇಶ್ಕರ್ ಅವರಿಗೆ ಸಂದದ್ದು ಇದೇ ಚಿತ್ರದ ಹಾಡಿಗೆ. ಅದೇ ಚಿತ್ರದ ಚೇಳು ಕುಟುಕಿದ ಕುಣಿತದ ಹಾಡಿನಲ್ಲಿ ಬಾಲ್ಯದ ಅಸ್ಸಾಂ ತೋಟದ ಧಾಟಿ ಕೇಳಿಸುತ್ತದೆ. 1961ರ 'ಛಾಯಾ' ಚಿತ್ರದಲ್ಲಿ ತಲತ್ ಮಹಮೂದ್ ಮತ್ತು ಲತಾ ಹಾಡಿದ ಯುಗಳಗೀತೆ ಮೊಝಾರ್ಟನ 40ನೆಯ ಸಿಂಫನಿಯ ಮೊದಲ ಸ್ವರಗಳಿಂದ ಹೊರಡುತ್ತದೆ. ತಂದೆಯ ಗ್ರಾಮಫೋನ್ ತಟ್ಟೆಗಳು ಮುಂಬಯಿಯ ಸ್ಟುಡಿಯೋವರೆಗೆ ಬಂದದ್ದು ಹೀಗೆ. ಹಿಂದಿಯಲ್ಲಿ ಅವರ ಜತೆಯ ಕವಿ ಶೈಲೇಂದ್ರ, ಅವರೂ ಇಪ್ಟಾದವರೇ, ಮುಂದೆ ಯೋಗೇಶ್. ಇವರೊಡನೆ ಸಲಿಲ್ ಬಹುಮಟ್ಟಿಗೆ ಮೊದಲು ರಾಗ ಕಟ್ಟಿ ಅನಂತರ ಪದ ಬರೆಸುತ್ತಿದ್ದರು. ಬಂಗಾಳಿಯಲ್ಲಿ ಮಾತ್ರ ಪದವೂ ಅವರದೇ, ಸ್ವರವೂ ಅವರದೇ. ಪ್ರತಿವರ್ಷ ದುರ್ಗಾಪೂಜೆಯ ಹೊತ್ತಿಗೆ ಹೊರಬರುತ್ತಿದ್ದ ಹೊಸ ತಟ್ಟೆಗಳಲ್ಲಿ ಅವರ ಹಾಡುಗಳಿಗಾಗಿ ಜನ ಕಾಯುತ್ತಿದ್ದರು.

ಈ ಯಶಸ್ಸಿನ ನಡುವೆಯೇ, 'ಮಧುಮತಿ'ಯ ಹೊತ್ತಿಗೆ, ಅವರು 'ಬಾಂಬೆ ಯೂತ್ ಕ್ವಾಯರ್' ಕಟ್ಟಿದರು. ಚರ್ಚಿನ ಹೊರಗೆ, ಧರ್ಮದ ನಂಟಿಲ್ಲದೆ ಹುಟ್ಟಿದ ದೇಶದ ಮೊದಲ ವೃಂದಗಾನ ತಂಡವೆಂದು ಅದನ್ನು ಹೇಳಲಾಗುತ್ತದೆ. ಸಿನಿಮಾದ ಗಳಿಕೆಗೆ ಇದರಿಂದ ಏನೂ ಕೂಡುವಂತಿರಲಿಲ್ಲ. ಹಗಲೆಲ್ಲ ಸ್ಟುಡಿಯೋದಲ್ಲಿ ದುಡಿದವರು ತಾಲೀಮಿಗೆ ಸಮಯ ಹೊಂದಿಸಬೇಕು. ಪಾಶ್ಚಾತ್ಯ ಸ್ವರಲಿಪಿ ಓದಲು ಬಾರದವರಿಗೆ ಅವರವರ ಪಾಲಿನ ಸ್ವರಪಂಕ್ತಿಯನ್ನು ಕಿವಿಯಿಂದಲೇ ಕಲಿಸಬೇಕು. ಪಕ್ಕದವನು ಬೇರೊಂದು ಸ್ವರ ಹಿಡಿದಿರುವಾಗ ತನ್ನ ಸ್ವರ ಬಿಡದೆ ನಿಲ್ಲುವುದು ನಮ್ಮ ಸಂಗೀತದಲ್ಲಿ ಪಳಗಿದ ಕಂಠಕ್ಕೆ ಸುಲಭವಲ್ಲ. ಕಿವಿ ತಾನಾಗಿ ಗಟ್ಟಿ ಧ್ವನಿಯ ಕಡೆಗೆ ಜಾರುತ್ತದೆ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ವಿಭಾಗಗಳ ಚೌಕಟ್ಟನ್ನು ಇಟ್ಟುಕೊಂಡು, ಅದರೊಳಗೆ ಭಾರತದ ಬೇರೆ ಬೇರೆ ಪ್ರಾಂತ್ಯಗಳ ಜನಪದ ಗೀತೆಗಳನ್ನೂ ತಮ್ಮ ಹಳೆಯ ಹೋರಾಟದ ಹಾಡುಗಳನ್ನೂ ಅವರು ಹೊಸದಾಗಿ ಕೂರಿಸಿದರು. ರಾಗದ ಭಾವ ಕೆಡದಂತೆ ಸ್ವರಗಳನ್ನು ಒಂದರ ಮೇಲೊಂದು ಪೇರಿಸುವುದರಲ್ಲಿ ಅವರ ಜಾಣ್ಮೆಯೆಲ್ಲ ಇತ್ತು. ಪಕ್ಷದ ಸಭೆಯಲ್ಲಿ ಸಿಗದೆ ಹೋದ ಜಾಗವನ್ನು ಅವರು ಹೀಗೆ ತಾವೇ ನಿರ್ಮಿಸಿಕೊಂಡರೆನ್ನಬೇಕು.

1958ರಲ್ಲಿ ಕಲ್ಕತ್ತದಲ್ಲೂ ಇಂಥದೇ ತಂಡವೊಂದು ಹುಟ್ಟಿತು. ಕಿಶೋರ್ ಕುಮಾರ್ ಅವರಿಂದ ಬೇರೆಯಾಗಿ ಊರಿಗೆ ಮರಳಿದ್ದ ನಟಿ, ಗಾಯಕಿ ರುಮಾ ಗುಹಾ ಠಾಕುರ್ತಾ ಅವರು ಸಲಿಲ್ ಮತ್ತು ಸತ್ಯಜಿತ್ ರಾಯ್ ಅವರ ಜತೆಗೂಡಿ 'ಕಲ್ಕತ್ತ ಯೂತ್ ಕ್ವಾಯರ್' ಸ್ಥಾಪಿಸಿದರು. ಸಲಿಲ್ ಅವರ ಹಾಡುಗಳನ್ನು ಬಂಗಾಳದ ಮೂರು ತಲೆಮಾರುಗಳಿಗೆ ತಲುಪಿಸಿದ್ದರಲ್ಲಿ ಈ ತಂಡದ ಪಾಲು ದೊಡ್ಡದು. ರುಮಾ ಅವರು 2019ರ ಜೂನ್ 3ರಂದು ನಿಧನರಾದರು. ಅವರ ತಂಡವನ್ನು ನೋಡಿ ಬಂಗಾಳದಲ್ಲಿ ಹುಟ್ಟಿಕೊಂಡ ಇತರ ತಂಡಗಳು ಬಹಳ.

ದಕ್ಷಿಣದ ಜತೆಗಿನ ಸಲಿಲ್ ಅವರ ನಂಟು ಆಕಸ್ಮಿಕದ್ದೇನಲ್ಲ. ತಕಳಿ ಶಿವಶಂಕರ ಪಿಳ್ಳೆಯವರ ಕಾದಂಬರಿಯನ್ನು ಆಧರಿಸಿ ರಾಮು ಕಾರ್ಯಾಟ್ 1965ರಲ್ಲಿ 'ಚೆಮ್ಮೀನ್' ತೆಗೆದಾಗ ಸಂಗೀತಕ್ಕೆ ಆರಿಸಿದ್ದು ಈ ಬಂಗಾಳಿಯನ್ನು. ಮಲಯಾಳಂ ಅರಿಯದ ಸಂಗೀತ ನಿರ್ದೇಶಕ, ಮಲಯಾಳಂ ಅರಿಯದ ಗಾಯಕ ಮನ್ನಾ ಡೇ, ವಯಲಾರ್ ರಾಮವರ್ಮರ ಪದಗಳು. ಕಡಲ ತೀರದ ಆ ವಿರಹಗೀತೆಯನ್ನು ಕೇರಳ ತನ್ನದೆಂದೇ ಒಪ್ಪಿಕೊಂಡಿತು. ರಾಷ್ಟ್ರಪತಿಗಳ ಸುವರ್ಣ ಪದಕ ಪಡೆದ ದಕ್ಷಿಣ ಭಾರತದ ಮೊದಲ ಚಿತ್ರವದು. ಮುಂದೆ ಸಲಿಲ್ ಇಪ್ಪತ್ತಕ್ಕೂ ಹೆಚ್ಚು ಮಲಯಾಳಂ ಚಿತ್ರಗಳಿಗೆ ಸಂಗೀತ ಕೊಟ್ಟರು. ಅಲ್ಲಿ ಅವರಿಗೆ ನೆರವಾದವರಲ್ಲಿ ಒಬ್ಬರು ಆರ್.ಕೆ. ಶೇಖರ್, ಎ.ಆರ್. ರೆಹಮಾನ್ ಅವರ ತಂದೆ. ಮದರಾಸಿನ ಧ್ವನಿಮುದ್ರಣಗಳಲ್ಲಿ ಸಲಿಲ್ ಅವರಿಗಾಗಿ ಗಿಟಾರ್ ನುಡಿಸಿದ ತರುಣರಲ್ಲಿ ಇಳಯರಾಜ ಇದ್ದರು. ಕನ್ನಡದ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದ ಅದೇ ಇಳಯರಾಜ.

ಕನ್ನಡಕ್ಕೂ ಸಲಿಲ್ ಬಂದರು. 1971ರ 'ಸಂಶಯ ಫಲ', 1977ರ 'ಚಿನ್ನ ನಿನ್ನ ಮುದ್ದಾಡುವೆ' ಮತ್ತು ಅದೇ ವರ್ಷದ 'ಕೋಕಿಲ' ಅವರ ಸಂಗೀತದ ಕನ್ನಡ ಚಿತ್ರಗಳಲ್ಲಿ ಸೇರಿವೆ. ಛಾಯಾಗ್ರಾಹಕ ಬಾಲು ಮಹೇಂದ್ರ ನಿರ್ದೇಶಕರಾದದ್ದು 'ಕೋಕಿಲ'ದಿಂದ. ಕಮಲ್ ಹಾಸನ್ ಮತ್ತು ಶೋಭಾ ಅಭಿನಯದ ಆ ಚಿತ್ರದಿಂದಲೇ ಮೋಹನ್ ಪರಿಚಯವಾಗಿ, ತಮಿಳುನಾಡಿನಲ್ಲಿ 'ಕೋಕಿಲ' ಮೋಹನ್ ಎನಿಸಿಕೊಂಡರು. ಛಾಯಾಗ್ರಹಣಕ್ಕಾಗಿ ಬಾಲು ಮಹೇಂದ್ರ ಅವರಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಕನ್ನಡ ಚಿತ್ರವೊಂದು ಮದರಾಸಿನಲ್ಲಿ ಅಷ್ಟು ದೀರ್ಘಕಾಲ ಓಡಿದ್ದು ಅಪರೂಪ. ಇಷ್ಟಾದರೂ ನಮ್ಮ ಚಿತ್ರಸಂಗೀತದ ಚರ್ಚೆಗಳಲ್ಲಿ ಸಲಿಲ್ ಅವರ ಹೆಸರು ಕೇಳಿಬರುವುದು ಕಡಿಮೆಯೇ. ಕೆಲವೇ ಚಿತ್ರಗಳಲ್ಲಿ ಬಂದು ಹೋದವರನ್ನು ನೆನಪಿಡುವ ಅಭ್ಯಾಸ ನಮಗಿಲ್ಲ.

ಎಪ್ಪತ್ತರ ದಶಕ ಹಿಂದಿಯಲ್ಲಿ ಅವರಿಗೆ ಎರಡನೆಯ ವಸಂತವನ್ನು ತಂದಿತು. 1971ರಲ್ಲಿ 'ಆನಂದ್' ಮತ್ತು 'ಮೇರೆ ಅಪ್ನೆ', 1974ರಲ್ಲಿ 'ರಜನೀಗಂಧ'. ಈ ಕೊನೆಯ ಚಿತ್ರದ ಹಾಡಿಗೆ ಮುಖೇಶ್ ರಾಷ್ಟ್ರಪ್ರಶಸ್ತಿ ಪಡೆದರು. 'ಕಾನೂನ್', 'ಇತ್ತೆಫಾಕ್' ಮೊದಲಾದ ಹಾಡುಗಳೇ ಇಲ್ಲದ ಚಿತ್ರಗಳಿಗೂ ಅವರ ಹಿನ್ನೆಲೆ ಸಂಗೀತವಿತ್ತು. 13 ಭಾಷೆಗಳ ಚಿತ್ರಗಳಿಗೆ ಸಂಗೀತ ನೀಡಿದರೆಂಬ ಲೆಕ್ಕವಿದೆ. ಅಷ್ಟಾದರೂ ಹಿಂದಿ ಚಿತ್ರರಂಗದ ಮೊದಲ ಸಾಲಿನಲ್ಲಿ ಅವರು ಸ್ಥಿರವಾಗಿ ನಿಂತದ್ದು ಇಲ್ಲವೆಂದೇ ಹೇಳಬೇಕು. ಅವರ ರಾಗಗಳು ಕೇಳಲು ಸುಲಭ, ಹಾಡಲು ಕಷ್ಟ. ಸರಳವೆಂದು ಹಿಡಿದ ಸಾಲು ನಡುವೆ ಎಲ್ಲಿಗೋ ತಿರುಗಿ, ಗಾಯಕರು ಉಸಿರು ಹಿಡಿದು ಹಿಂಬಾಲಿಸಬೇಕಾಗುತ್ತದೆ. ಒಂದೇ ರಾಗ ಬಂಗಾಳಿಯಿಂದ ಹಿಂದಿಗೆ, ಅಲ್ಲಿಂದ ಮಲಯಾಳಂಗೆ ಸಂಚರಿಸುವುದೂ ಅವರಲ್ಲಿ ಹೆಚ್ಚು. ಹಳೆಯದನ್ನೇ ಮತ್ತೆ ಬಳಸಿದರೆಂಬ ದೂರು ಇದರಿಂದ ಬಂತು. ಆದರೆ ಪ್ರತಿಸಲವೂ ವಾದ್ಯಗಳ ಹೆಣಿಗೆ ಬೇರೆಯೇ ಆಗಿರುತ್ತಿದ್ದುದನ್ನು ದೂರುವವರು ಗಮನಿಸಿದಂತಿಲ್ಲ.

ಕೊನೆಯ ವರ್ಷಗಳನ್ನು ಅವರು ಹೆಚ್ಚಾಗಿ ಕಲ್ಕತ್ತದಲ್ಲೇ ಕಳೆದರು. ಅಲ್ಲೊಂದು ಧ್ವನಿಮುದ್ರಣ ಕೇಂದ್ರ ಮತ್ತು ಸಂಗೀತ ಸಂಶೋಧನಾ ಕೇಂದ್ರವನ್ನು ನಡೆಸಿದರು. ಮಗಳು ಅಂತರಾ ಬಾಲಕಿಯಾಗಿದ್ದಾಗ ಅವಳಿಗಾಗಿ ಬರೆದ ಶಿಶುಗೀತೆಗಳು ಬಂಗಾಳದ ಮಕ್ಕಳಿಗೆಲ್ಲ ಬಾಯಿಪಾಠವಾದವು. ಪತ್ನಿ ಸಬಿತಾ ಚೌಧರಿ, ಅವರ ಹಲವಾರು ಹಾಡುಗಳ ಗಾಯಕಿ, 2017ರವರೆಗೆ ಬದುಕಿದ್ದರು. 1988ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ನಲವತ್ತರ ದಶಕದ ಹಾಡುಗಳಲ್ಲಿ ಉಳಿದವನ್ನು ನೆನಪಿನಿಂದ ಹೆಕ್ಕಿ, ವೃಂದಕ್ಕೆ ಹೊಂದಿಸಿ 'ಘುಮ್ ಭಾಂಗಾರ್ ಗಾನ್' ಎಂಬ ಹೆಸರಿನಲ್ಲಿ ಧ್ವನಿಮುದ್ರಿಸಿದರು. ನಿದ್ದೆಯಿಂದ ಎಬ್ಬಿಸುವ ಹಾಡುಗಳು ಎಂಬುದು ಆ ಹೆಸರಿನ ಅರ್ಥ. ಅವು ಹುಟ್ಟಿದ ಕಾಲದಲ್ಲಿ ಯಾವ ಕಂಪನಿಯೂ ಮುಟ್ಟದಿದ್ದ ಹಾಡುಗಳು ಅನೇಕ ವರ್ಷಗಳ ಬಳಿಕ ತಟ್ಟೆಗೆ ಏರಿದವು. ಒಮ್ಮೆ ಅವರ ಹಾಡುಗಳಿಗೆ ತಕರಾರು ತೆಗೆದ ಎಡಪಂಥದ ಸಭೆಗಳಲ್ಲೂ ಅಷ್ಟು ಹೊತ್ತಿಗೆ ಅವೇ ಹಾಡುಗಳು ಮೊಳಗುತ್ತಿದ್ದವು.

1995ರ ಸೆಪ್ಟೆಂಬರ್ 5ರಂದು ಸಲಿಲ್ ಚೌಧರಿ ಕಲ್ಕತ್ತದಲ್ಲಿ ಕೊನೆಯುಸಿರೆಳೆದರು. ಮೂವತ್ತು ವರ್ಷ ಕಳೆದು 2025ರ ನವೆಂಬರ್ 19ಕ್ಕೆ ಅವರು ಹುಟ್ಟಿ ನೂರು ವರ್ಷ ತುಂಬಿತು. ಅವರ ಸಿನಿಮಾ ಹಾಡುಗಳನ್ನು ಒಬ್ಬ ಗಾಯಕ ಅಥವಾ ಗಾಯಕಿ ವಾದ್ಯಗಳ ನೆರವಿನಿಂದ ಹಾಡಿಬಿಡಬಹುದು. ಆದರೆ 1946ರ ಮುಷ್ಕರದ ಆ ಅಲೆಯ ಹಾಡಿಗೆ ಇಂದಿಗೂ ಒಂದು ಸಾಲು ಜನ ಬೇಕು, ವಾರಗಟ್ಟಲೆ ತಾಲೀಮು ಬೇಕು, ಪಕ್ಕದವರ ಸ್ವರಕ್ಕೆ ಜಾರದೆ ತನ್ನ ಸ್ವರದಲ್ಲಿ ನಿಲ್ಲುವವರು ಬೇಕು. ಕೋಲ್ಕತ್ತದ ತಂಡಗಳು ಈಗಲೂ ಅಂಥವರನ್ನು ಹುಡುಕಿ ಸೇರಿಸಿಕೊಳ್ಳುತ್ತವೆ, ಅವರವರ ಪಾಲನ್ನು ಕಿವಿಯಿಂದಲೇ ಕಲಿಸುತ್ತವೆ.